ಅಣೆಕಟ್ಟೆ ಮತ್ತು ನಾಲೆ ಗೇಟುಗಳ ನಿರ್ವಹಣೆ, ರಿಪೇರಿ: ಕಾವೇರಿ ಬಯಲಿನವರಿಗೆ ಸಮಗ್ರ ಮಾರ್ಗದರ್ಶಿ

ಮಂಡ್ಯ, ಮೈಸೂರು ಕಡೆ ಗೇಟ್ ಕೆಲಸಕ್ಕೆ ಸಿಗುವ ಕಾಲ ತುಂಬಾ ಚಿಕ್ಕದು. ಬೇಸಿಗೆ ಬೆಳೆಗೆ ಬಿಟ್ಟ ನಾಲೆ ನೀರು ಮೊದಲು ನಿಲ್ಲಬೇಕು. ಕೊಡಗಿನಲ್ಲಿ ಮುಂಗಾರು ಹಿಡಿಯುವ ಮುಂಚೆ ಎಲ್ಲ ಮುಗಿಯಬೇಕು. ಜೂನ್‌ನಲ್ಲಿ ಒಳಹರಿವು ಶುರುವಾದರೆ ಬಿಚ್ಚಿಟ್ಟ ಗೇಟನ್ನು ಹಾಗೇ ಬಿಡುವ ಹಾಗಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯನ್ನು ಕೆಲಸ ನಡೆಯುವ ಕ್ರಮದಲ್ಲೇ ಬರೆದಿದ್ದೇನೆ. ಹೊಸದಾಗಿ ಸೇರಿದ ಜೂನಿಯರ್ ಎಂಜಿನಿಯರ್‌ಗಳು, ಐಟಿಐ ಫಿಟ್ಟರ್‌ಗಳು, ಗೇಟ್ ಆಪರೇಟರ್‌ಗಳು, ನೀರು ಬಳಕೆದಾರರ ಸಂಘದವರು ಮನಸ್ಸಿನಲ್ಲಿದ್ದಾರೆ. ನಾಲೆ ತೂಬಿನ ಸಣ್ಣ ಗೇಟಿನ ವಿಷಯವಷ್ಟೇ ಬೇಕಿದ್ದವರು ಕೊನೆಗೆ ಹತ್ತಿರದ ಭಾಗಕ್ಕೆ ನೇರವಾಗಿ ಹೋಗಬಹುದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ (ಕಟ್ಟೆಯ ಮೇಲ್ತುದಿಯ ಗೇಟು) ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ಕಟ್ಟೆಯಲ್ಲಿ ಇರುವುದು 33 ಗೇಟು. ಹೋದದ್ದು ಒಂದು. ಆದರೆ ಉಳಿದ ಗೇಟುಗಳ ಮೇಲಿನ ಭಾರ ಇಳಿಸಲು, ದುರಸ್ತಿಗೆ ನೀರಿನ ಮಟ್ಟ ತಗ್ಗಿಸಲು ಲಕ್ಷ ಕ್ಯೂಸೆಕ್ ಲೆಕ್ಕದಲ್ಲಿ ನೀರನ್ನು ನದಿಗೆ ಬಿಡಬೇಕಾಯಿತು. ಗೇಟ್ ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕವಾಗಿ ನೀರು ತಡೆಯುವ ಉಕ್ಕಿನ ಹಲಗೆ) ತುಂಡುಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಆ ಕೆಲಸ ಮಾಡಿದವರ ಧೈರ್ಯ ದೊಡ್ಡದು. ಅಂಥ ಧೈರ್ಯ ಬೇಕಾಗದ ಹಾಗೆ ಗೇಟನ್ನು ಇಟ್ಟುಕೊಳ್ಳುವುದು ಹೇಗೆ ಅನ್ನೋದು ನನ್ನ ವಿಷಯ.

ಮೊದಲು ನಿಮ್ಮ ಗೇಟ್ ಯಾವ ಬಗೆಯದು ನೋಡಿ

ನಮ್ಮ ಕಡೆ ಮುಖ್ಯವಾಗಿ ನಾಲ್ಕು ಬಗೆ ಸಿಗುತ್ತವೆ.

ಸ್ಲೈಡ್ ಗೇಟ್: ಚಕ್ರ ಇರುವುದಿಲ್ಲ. ಲೋಹದ ಮೇಲೆ ಲೋಹ ಜಾರುತ್ತದೆ. ನಾಲೆ ತೂಬುಗಳಲ್ಲಿ, ಹಳೆಯ ಸ್ಲೂಯಿಸ್‌ಗಳಲ್ಲಿ (ಕಟ್ಟೆಯಿಂದ ನೀರು ಬಿಡುವ ಕಿಂಡಿ) ಇದೇ ಜಾಸ್ತಿ.

ಫಿಕ್ಸೆಡ್ ವೀಲ್ ಗೇಟ್: ಎರಡೂ ಪಕ್ಕ ಚಕ್ರಗಳಿದ್ದು, ಪಕ್ಕದ ಗೋಡೆಯಲ್ಲಿರುವ ತೋಡಿನೊಳಗಿನ (ಉದ್ದ ಸೀಳು) ಹಳಿಯ ಮೇಲೆ ಉರುಳುತ್ತವೆ. ನೀರಿನ ಒತ್ತಡ ಪೂರ್ತಿ ಈ ಚಕ್ರಗಳ ಮೇಲೆ ಕೂರುತ್ತದೆ.

ರೇಡಿಯಲ್ ಗೇಟ್: ಬಾಗಿದ ಹಲಗೆ, ಹಿಂದೆ ಎರಡು ತೋಳು, ತೋಳಿನ ತುದಿಯಲ್ಲಿ ಟ್ರನಿಯನ್ ಎಂಬ ಪಿನ್ನು. ಇದನ್ನು ಟೇಂಟರ್ ಗೇಟ್ ಅಂತಲೂ ಕರೆಯುತ್ತಾರೆ. 1886ರಲ್ಲಿ ಅಮೆರಿಕದ ಜೆರೆಮಾಯಾ ಟೇಂಟರ್ ಇದಕ್ಕೆ ಪೇಟೆಂಟ್ ಪಡೆದರು.

ಸ್ವಯಂಚಾಲಿತ ಗೇಟ್: ನೀರು ಒಂದು ಮಟ್ಟಕ್ಕೆ ಬಂದರೆ ತಾನೇ ತೆರೆಯುವ ವ್ಯವಸ್ಥೆ. ಸರ್ ಎಂ. ವಿಶ್ವೇಶ್ವರಯ್ಯನವರು ಇದನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅಳವಡಿಸಿದರು. ಕನ್ನಂಬಾಡಿ ಕಟ್ಟೆಗೂ ಸ್ವಯಂಚಾಲಿತ ಗೇಟುಗಳು ಬಂದವು.

ಕನ್ನಂಬಾಡಿಯಲ್ಲಿ ಗೇಟುಗಳು ಒಂದೇ ಸಾಲಿನಲ್ಲಿ ಇಲ್ಲ. 80, 103, 106, 114 ಅಡಿ ಹೀಗೆ ಬೇರೆ ಬೇರೆ ಮಟ್ಟದಲ್ಲಿವೆ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ. ಅಂದರೆ ತುಂಬಿದ ಕಟ್ಟೆಯಲ್ಲಿ 80 ಅಡಿ ಮಟ್ಟದ ಗೇಟಿನ ಬುಡದ ಮೇಲೆ ಸುಮಾರು 45 ಅಡಿ ನೀರು ನಿಂತಿರುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ 13 ಟನ್‌ಗೂ ಜಾಸ್ತಿ ಒತ್ತಡ. 114 ಅಡಿ ಮಟ್ಟದ ಗೇಟಿಗೆ ಇದರ ಕಾಲು ಭಾಗ ಮಾತ್ರ. ಒಂದೇ ಕಟ್ಟೆಯಲ್ಲಿದ್ದರೂ ಒಂದು ಗೇಟಿನ ಲೆಕ್ಕ ಇನ್ನೊಂದಕ್ಕೆ ಬರುವುದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಇಲ್ಲಿನ ಹಳೆಯ ಗೇಟುಗಳನ್ನು ಹಂತ ಹಂತವಾಗಿ ಬದಲಾಯಿಸಿದ್ದಾರೆ. ಆದ್ದರಿಂದ ಹಳೆಯ ನಕ್ಷೆಯನ್ನು ನಂಬಿ ಬಿಡಿಭಾಗ ಆರ್ಡರ್ ಮಾಡಬೇಡಿ. ಈಗ ಅಲ್ಲಿ ಕೂತಿರುವ ಗೇಟನ್ನೇ ಅಳೆಯಿರಿ.

ಹಡಗು ಓಡುವ ನದಿಗಳ ಅಣೆಕಟ್ಟೆಗಳ ಬಗ್ಗೆ ಓದುವವರು ಒಂದು ವ್ಯತ್ಯಾಸ ಗಮನಿಸಬೇಕು. ಅಮೆರಿಕದ ಮಿಸಿಸಿಪ್ಪಿ ನದಿಯ ಮೇಲ್ಭಾಗದಲ್ಲಿ 29 ಲಾಕ್ (ದೋಣಿಗಳನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಕೋಣೆ) ಮತ್ತು ಅಣೆಕಟ್ಟೆಗಳಿವೆ. ಅಲ್ಲಿ ಗೇಟಿನ ಕೆಲಸ ನೀರು ಕೂಡಿಡುವುದಲ್ಲ. ಸರಕು ದೋಣಿಗಳಿಗೆ ಕನಿಷ್ಠ 9 ಅಡಿ ಆಳ ಉಳಿಸುವುದು. ಅದಕ್ಕೆ ಗೇಟುಗಳನ್ನು ಆಗಾಗ ಸ್ವಲ್ಪ ಸ್ವಲ್ಪ ಹೊಂದಿಸುತ್ತಲೇ ಇರುತ್ತಾರೆ. ಹಿಮಗಡ್ಡೆ ಬಡಿಯುತ್ತದೆ, ದೋಣಿ ತಾಗುತ್ತದೆ. ಉತ್ತರದ ಭಾಗದಲ್ಲಿ ಚಳಿಗಾಲಕ್ಕೆ ಸಂಚಾರ ನಿಂತಾಗ ದೊಡ್ಡ ರಿಪೇರಿಗೆ ಸಮಯ ಸಿಗುತ್ತದೆ. ನಮ್ಮ ತೊಂದರೆ ತಿರುಗುಮುರುಗು. ಹಲವು ಗೇಟುಗಳು ತಿಂಗಳುಗಟ್ಟಲೆ ಅಲುಗಾಡುವುದೇ ಇಲ್ಲ. ಕಟ್ಟೆ ತುಂಬದ ವರ್ಷ ಮೇಲಿನ ಸಾಲಿಗೆ ನೀರೇ ಮುಟ್ಟುವುದಿಲ್ಲ. ಹಾಗೆ ಸುಮ್ನೆ ನಿಂತ ಗೇಟಿಗೆ ತುಕ್ಕು, ಒಣಗಿದ ಗ್ರೀಸ್, ಬಿರುಕು ಬಿಟ್ಟ ರಬ್ಬರ್ ಸೇರಿಕೊಳ್ಳುತ್ತವೆ.

ಹಂತ 1: ಅನುಮತಿ ಮತ್ತು ಕೆಳಗಿನ ಜನ

ಅಣೆಕಟ್ಟೆ ಗೇಟಿಗೆ ಲಿಖಿತ ಅನುಮತಿ ಇಲ್ಲದೆ ಯಾರೂ ಕೈ ಹಾಕುವ ಹಾಗಿಲ್ಲ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಪ್ರಕಾರ ಮುಂಗಾರಿನ ಮುಂಚೆ ಮತ್ತು ನಂತರ ತಪಾಸಣೆ ಮಾಡಲೇಬೇಕು. ನಿಮ್ಮ ಕೆಲಸದ ಪಟ್ಟಿ ಆ ತಪಾಸಣಾ ವರದಿಯಿಂದಲೇ ಹುಟ್ಟಬೇಕು.

ಗೇಟ್ ಒಂದು ಅಡಿ ಎತ್ತಿ ನೋಡುವುದಾದರೂ ಕೆಳಗೆ ನದಿಯಲ್ಲಿ ಯಾರಿದ್ದಾರೆ ಅಂತ ಮೊದಲು ನೋಡಿ. ಕನ್ನಂಬಾಡಿ ಕೆಳಗೆ ಮೀನು ಹಿಡಿಯುವವರಿದ್ದಾರೆ, ದನ ತೊಳೆಯುವವರಿದ್ದಾರೆ. ಶ್ರೀರಂಗಪಟ್ಟಣದ ಸ್ನಾನಘಟ್ಟ, ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಬಂದ ಕುಟುಂಬಗಳು, ರಂಗನತಿಟ್ಟಿನ ನಡುಗಡ್ಡೆಯ ಹಕ್ಕಿಗೂಡುಗಳು ಇವೆಲ್ಲ ಇದೇ ಹರಿವಿನಲ್ಲಿವೆ. ಸೈರನ್ ಹಾಕಿ. ಒಂದು ಸಲ ಹಾಕಿದರೆ ಸಾಲದು. ಊರಿನಲ್ಲಿ ಟಾಂ ಟಾಂ ಹೊಡೆಸಿ, ದಡಕ್ಕೆ ಒಬ್ಬರನ್ನು ಕಳಿಸಿ ಕಣ್ಣಾರೆ ನೋಡಿಸಿ. ನೀರು ಬಿಡುವಾಗ ಸ್ವಲ್ಪ ಸ್ವಲ್ಪವಾಗಿ ಏರಿಸಿ.

ಕೆಲಸ ಮಾಡುವವರ ಸುರಕ್ಷತೆಯೂ ಇಷ್ಟೇ ಮುಖ್ಯ. ಮೋಟಾರಿನ ಮುಖ್ಯ ಸ್ವಿಚ್ ಆಫ್ ಮಾಡಿ ಬೀಗ ಹಾಕಿ. ಬೀಗದ ಕೈ ಗೇಟಿನ ಕೆಳಗೆ ಇಳಿಯುವವನ ಜೇಬಿನಲ್ಲೇ ಇರಲಿ. ಎತ್ತಿದ ಗೇಟನ್ನು ಹಗ್ಗದ ಮೇಲೆ ನಂಬಿ ಅದರ ಕೆಳಗೆ ನಿಲ್ಲಬೇಡಿ. ಡಾಗಿಂಗ್ ಬೀಮಿನ (ಎತ್ತಿದ ಗೇಟಿನ ಭಾರ ಹೊರುವ ಅಡ್ಡ ತೊಲೆ) ಮೇಲೆ ಕೂರಿಸಿದ ನಂತರವೇ ಇಳಿಯಿರಿ. ಮುಚ್ಚಿದ ಗೇಟ್ ಬಾವಿಯೊಳಗೆ (ಗೇಟ್ ಏರಿ ಇಳಿಯುವ ಆಳದ ಗುಂಡಿ) ಕೊಳೆತ ಕಸದಿಂದ ವಿಷಗಾಳಿ ಸೇರಿರುತ್ತದೆ. ಗ್ಯಾಸ್ ಮೀಟರ್‌ನಲ್ಲಿ ನೋಡದೆ ಯಾರನ್ನೂ ಇಳಿಸಬೇಡಿ.

ಹಂತ 2: ಹಿಂದಿನ ನೀರನ್ನು ತಡೆಯುವುದು

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಒತ್ತು ಕೊಡುವುದು ಇದಕ್ಕೆ. ಸೀಲ್ (ಗೇಟಿನ ಅಂಚಿನ ಸಂದಿ ಮುಚ್ಚುವ ರಬ್ಬರ್ ಪಟ್ಟಿ) ಬದಲಿಸುವುದು, ವೆಲ್ಡಿಂಗ್, ಪೇಂಟ್ ಎಲ್ಲ ಕಲಿಯಬಹುದು. ಆದರೆ ಗೇಟಿನ ನೀರಿನ ಕಡೆ ಇನ್ನೊಂದು ಬಾಗಿಲು ಇಲ್ಲದಿದ್ದರೆ ಯಾವ ರಿಪೇರಿಯೂ ಶುರುವಾಗುವುದಿಲ್ಲ.

ಆ ಇನ್ನೊಂದು ಬಾಗಿಲೇ ಸ್ಟಾಪ್‌ಲಾಗ್. ಗೇಟಿನ ನೀರಿನ ಕಡೆ ಪ್ರತ್ಯೇಕ ತೋಡು ಇರುತ್ತದೆ. ಅದರಲ್ಲಿ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಒಂದು ಸೆಟ್ಟಿನಿಂದ ಹಲವು ಗೇಟುಗಳ ಕೆಲಸ ಸರದಿಯಲ್ಲಿ ಮಾಡಬಹುದು. ಸಮಸ್ಯೆ ಏನಂದರೆ ಸ್ಟಾಪ್‌ಲಾಗ್ ವರ್ಷಗಟ್ಟಲೆ ಕಟ್ಟೆ ಮೇಲೆ ಬಿಸಿಲಿನಲ್ಲಿ ಬಿದ್ದಿರುತ್ತದೆ. ಬೇಕಾದ ದಿನ ರಬ್ಬರ್ ಗಟ್ಟಿಯಾಗಿರುತ್ತದೆ, ಎತ್ತುವ ಬೀಮಿನ ಕೊಕ್ಕೆ ಹಿಡಿಯುವುದಿಲ್ಲ, ತೋಡಿನಲ್ಲಿ ಕಲ್ಲು ಕೂತಿರುತ್ತದೆ.

ಪ್ರತಿ ಬೇಸಿಗೆ ಹೀಗೆ ಮಾಡಿ.

ಮೊದಲು ತೋಡು ಪರೀಕ್ಷೆ. ನೀರು ಕೆಳಗಿದ್ದಾಗ ಕಣ್ಣಿನಿಂದಲೇ ನೋಡಿ. ನೀರು ಇದ್ದರೆ ತೋಡಿನ ಅಗಲಕ್ಕೆ ಸರಿಯಾದ ಚೌಕಟ್ಟೊಂದನ್ನು ಇಳಿಸಿ, ತಳದವರೆಗೆ ಹೋಗುತ್ತದಾ ನೋಡಿ. ಅರ್ಧದಲ್ಲಿ ನಿಂತರೆ ಮುಳುಗುಗಾರರನ್ನು ಇಳಿಸಿ ಸ್ವಚ್ಛ ಮಾಡಿಸಿ. ಆ ಸಮಯದಲ್ಲಿ ಪಕ್ಕದ ಗೇಟುಗಳು ಪೂರ್ತಿ ಮುಚ್ಚಿರಬೇಕು. ನೀರಿನ ಸೆಳೆತ ಇರುವಲ್ಲಿ ಮುಳುಗುಗಾರರನ್ನು ಇಳಿಸುವುದು ಜೀವದ ಜೊತೆ ಆಟ.

ಎರಡನೆಯದು, ಎತ್ತುವ ಬೀಮಿನ ಕೊಕ್ಕೆಯನ್ನು ನೆಲದ ಮೇಲೇ ಹಲವು ಸಲ ಸಿಕ್ಕಿಸಿ ಬಿಡಿಸಿ ನೋಡಿ. ನೀರಿನೊಳಗೆ ಕೈ ಹಾಕಿ ಸರಿ ಮಾಡಲು ಆಗುವುದಿಲ್ಲ ಅಲ್ವಾ, ಇಲ್ಲೇ ಸರಿಯಾಗಿರಬೇಕು.

ಮೂರನೆಯದು, ವರ್ಷಕ್ಕೊಮ್ಮೆಯಾದರೂ ಕನಿಷ್ಠ ಒಂದು ಕಿಂಡಿಯಲ್ಲಿ ಪೂರ್ತಿ ಸೆಟ್ ಇಳಿಸಿ. ಸಾಮಾನ್ಯವಾಗಿ ಸ್ಟಾಪ್‌ಲಾಗನ್ನು ನಿಂತ ನೀರಿನಲ್ಲಿ ಮಾತ್ರ ಇಳಿಸುವಂತೆ ರಚಿಸಿರುತ್ತಾರೆ. ಅಂದರೆ ಕೆಲಸದ ಗೇಟ್ ಮೊದಲು ಮುಚ್ಚಿರಬೇಕು, ಎರಡೂ ಕಡೆ ನೀರು ಸಮ ಇರಬೇಕು. ತೆಗೆಯುವಾಗಲೂ ಹಾಗೇ. ಮೇಲಿನ ತುಂಡನ್ನು ಸ್ವಲ್ಪ ಎತ್ತಿ ಅಥವಾ ತುಂಬಿಸುವ ವಾಲ್ವ್ ತೆರೆದು ನಡುವಿನ ಜಾಗಕ್ಕೆ ನೀರು ಬಿಡಬೇಕು. ಸಮ ಆದ ಮೇಲೆ ಎತ್ತಬೇಕು. ತಾಳ್ಮೆಗೆಟ್ಟು ಕ್ರೇನಿನಿಂದ ಎಳೆದರೆ ಕೊಕ್ಕೆ ಮುರಿಯುತ್ತದೆ.

ಸ್ಟಾಪ್‌ಲಾಗ್ ತೋಡೇ ಇಲ್ಲದ ಹಳೆಯ ಗೇಟುಗಳಿಗೆ ಎರಡು ದಾರಿ. ನೀರು ಗೇಟಿನ ಬುಡಕ್ಕಿಂತ ಕೆಳಗೆ ಇಳಿಯುವವರೆಗೆ ಕಾಯುವುದು, ಇಲ್ಲವೇ ಕಟ್ಟೆಯ ಮುಖಕ್ಕೆ ಒತ್ತಿ ಕೂರುವ ಬಲ್ಕ್‌ಹೆಡ್ ಎಂಬ ತಡೆಹಲಗೆ ಮಾಡಿಸುವುದು. ಎರಡನೆಯದಕ್ಕೆ ವಿನ್ಯಾಸ ಎಂಜಿನಿಯರ್ ಸಹಿ ಬೇಕೇ ಬೇಕು. 3 ಮೀಟರ್ ಅಗಲ, 6 ಮೀಟರ್ ಎತ್ತರದ ಗೇಟಿನ ತುದಿವರೆಗೆ ನೀರಿದ್ದರೆ ಅದರ ಮೇಲಿನ ಒಟ್ಟು ಒತ್ತಡ ಸುಮಾರು 54 ಟನ್. ಸ್ಥಳದಲ್ಲೇ ಸಿಕ್ಕಿದ ಐ-ಬೀಮು ಜೋಡಿಸಿ ತಡೆಯುವ ಭಾರ ಅಲ್ಲ ಇದು.

ಹಂತ 3: ಬಿಚ್ಚುವ ಮುಂಚೆ ತಪಾಸಣೆ

ಸ್ಟಾಪ್‌ಲಾಗ್ ಇಳಿಸುವ ಮುಂಚೆ, ಗೇಟ್ ಮುಚ್ಚಿ ನೀರು ಹಿಂದೆ ಇರುವಾಗಲೇ ಒಂದು ಸುತ್ತು ನೋಡಿ. ಸೋರಿಕೆ ಎಲ್ಲಿದೆ ಅಂತ ಗೊತ್ತಾಗುವುದು ಆಗ ಮಾತ್ರ. ಬುಡದಲ್ಲಿ ಉದ್ದಕ್ಕೂ ತೆಳ್ಳಗೆ ಬರುತ್ತಿದ್ದರೆ ಕೆಳಗಿನ ಸೀಲ್ ಸವೆದಿದೆ. ಒಂದೇ ಮೂಲೆಯಲ್ಲಿ ಚಿಮ್ಮುತ್ತಿದ್ದರೆ ಮೂಲೆ ಜೋಡಣೆ ಬಿಟ್ಟಿದೆ, ಇಲ್ಲವೇ ಗೇಟ್ ವಾಲಿದೆ. ಪಕ್ಕದ ಕಾಂಕ್ರೀಟು ಅಥವಾ ಗಾರೆಯಿಂದ ಬರುತ್ತಿದ್ದರೆ ಸೀಲ್ ಬದಲಿಸಿ ಪ್ರಯೋಜನವಿಲ್ಲ. ಅದು ಕಟ್ಟಡದ ಸೋರಿಕೆ, ಗ್ರೌಟಿಂಗ್ (ಸಂದಿಗೆ ಸಿಮೆಂಟ್ ಹಾಲು ಒತ್ತಿ ತುಂಬುವ) ಕೆಲಸ. ಕನ್ನಂಬಾಡಿಯಂಥ ಸುರ್ಕಿ (ಸುಣ್ಣ, ಇಟ್ಟಿಗೆ ಪುಡಿಯ) ಗಾರೆಯ ಕಟ್ಟೆಯಲ್ಲಿ ಈ ವ್ಯತ್ಯಾಸ ಗುರುತಿಸುವುದು ಮುಖ್ಯ.

ಸೋರಿಕೆಯನ್ನು ಅಳೆಯಿರಿ. ಅರ್ಧ ಸೀಳಿದ ಪೈಪಿನಲ್ಲಿ ನೀರು ಹಿಡಿದು ಬಕೆಟ್‌ಗೆ ಬಿಟ್ಟು ಗಡಿಯಾರ ನೋಡಿದರೆ ಆಯಿತು. ರೂಢಿಯಲ್ಲಿರುವ ಮಿತಿ ಸೀಲಿನ ಪ್ರತಿ ಮೀಟರ್ ಉದ್ದಕ್ಕೆ ನಿಮಿಷಕ್ಕೆ 5ರಿಂದ 15 ಲೀಟರ್. ಕಡಿಮೆ ಆಳದ ಗೇಟಿಗೆ 5, ತುಂಬಾ ಆಳದ್ದಕ್ಕೆ 15. ಮೇಲೆ ಹೇಳಿದ 3 × 6 ಮೀಟರ್ ಗೇಟಿಗೆ ಬುಡ ಮತ್ತು ಎರಡು ಪಕ್ಕ ಸೇರಿ 15 ಮೀಟರ್ ಸೀಲು. ಮಿತಿ ನಿಮಿಷಕ್ಕೆ 75 ಲೀಟರ್. ದಿನಕ್ಕೆ ಒಂದು ಲಕ್ಷ ಲೀಟರ್ ದಾಟುತ್ತದೆ. ಮಿತಿಯೊಳಗೇ ಇಷ್ಟಾದರೆ ಮಿತಿ ಮೀರಿದ ಗೇಟಿನ ಕಥೆ ಊಹಿಸಿ. ನಾಲೆಯ ಕೊನೆಭಾಗದ ಮಳವಳ್ಳಿ, ಮದ್ದೂರು ರೈತರು ನೀರಿಗೆ ಕಾಯುವ ವರ್ಷಗಳಲ್ಲಿ ಈ ಲೆಕ್ಕ ನನಗೆ ತುಂಬಾ ಕಾಡುತ್ತದೆ.

ಆಮೇಲೆ ಗೇಟನ್ನು ಸ್ವಲ್ಪ ಎತ್ತಿ ಇಳಿಸಿ ಸದ್ದು ಕೇಳಿ. ಇಲ್ಲಿ ಹಳೆಯ ಆಪರೇಟರ್‌ಗಿಂತ ದೊಡ್ಡ ಉಪಕರಣ ಇಲ್ಲ. "ಈ ಗೇಟು ಎರಡಡಿ ಹತ್ತಿರ ಒಂಚೂರು ಕಿರುಗುಟ್ಟುತ್ತದೆ" ಅಂತ ಅವರು ಹೇಳಿದರೆ ಅದನ್ನು ಹಾಗೇ ಬರೆದುಕೊಳ್ಳಿ. ಮೋಟಾರು ಎಷ್ಟು ಆಂಪಿಯರ್ ಎಳೆಯುತ್ತಿದೆ ಅಂತ ಪ್ರತಿ ಅಡಿಗೂ ಬರೆಯಿರಿ. ಹೋದ ವರ್ಷಕ್ಕಿಂತ ಆಂಪಿಯರ್ ಏರಿದ್ದರೆ ಎಲ್ಲೋ ಘರ್ಷಣೆ ಏರಿದೆ ಎಂದರ್ಥ.

ಭಾರತೀಯ ಮಾನಕಗಳಲ್ಲಿ ಸ್ಲೈಡ್ ಮತ್ತು ಫಿಕ್ಸೆಡ್ ವೀಲ್ ಗೇಟುಗಳ ತಪಾಸಣೆಗೆ ಐಎಸ್ 7718, ರೇಡಿಯಲ್ ಗೇಟು ಮತ್ತು ಅವುಗಳ ಹಾಯ್ಸ್ಟ್‌ಗಳಿಗೆ (ಗೇಟ್ ಎತ್ತುವ ಯಂತ್ರ) ಐಎಸ್ 10096 ಇದೆ. ಪಟ್ಟಿ ಮಾಡಿಕೊಳ್ಳಲು ಅವೇ ಸಾಕು.

ಹಂತ 4: ರಬ್ಬರ್ ಸೀಲ್ ಬದಲಿಸುವುದು

ಅತಿ ಹೆಚ್ಚು ಸಲ ಮಾಡುವ ರಿಪೇರಿ ಇದು. ಅತಿ ಹೆಚ್ಚು ಸಲ ಅವಸರದಲ್ಲಿ ಕೆಡುವುದೂ ಇದೇ.

ಪಕ್ಕ ಮತ್ತು ಮೇಲಿನ ಸೀಲು ಸಾಮಾನ್ಯವಾಗಿ ಒಂದು ತುದಿ ಉಂಡೆಯಾಗಿರುವ ಮ್ಯೂಸಿಕ್ ನೋಟ್ ಆಕಾರದ್ದು. ಕೆಳಗಿನದು ಚಪ್ಪಟೆ ಪಟ್ಟಿ ಅಥವಾ ಬೆಣೆ ಆಕಾರದ್ದು. ರಬ್ಬರ್ ಖರೀದಿಸುವಾಗ ಐಎಸ್ 11855 ಪ್ರಕಾರದ ಪರೀಕ್ಷಾ ವರದಿ ಕೇಳಿ. ಗಡಸುತನ ಶೋರ್ ಎ ಮಾಪನದಲ್ಲಿ 65ರ ಆಸುಪಾಸು ಇರಬೇಕು. ಬಂದ ಸೀಲನ್ನು ನೆರಳಿನಲ್ಲಿ, ಮಡಿಸದೆ, ಉದ್ದಕ್ಕೆ ಚಾಚಿ ಇಡಿ. ಸುತ್ತಿ ಗೋಡೌನಿನ ಮೂಲೆಗೆ ಎಸೆದರೆ ಹಾಕುವ ಮುಂಚೆಯೇ ಅದರ ಆಕಾರ ಕೆಡುತ್ತದೆ.

ಕೆಲಸದ ಕ್ರಮ ಹೀಗಿರಲಿ:

1. ಗೇಟನ್ನು ಎತ್ತಿ ಡಾಗಿಂಗ್ ಬೀಮಿನ ಮೇಲೆ ಕೂರಿಸಿ. ಹಳೆಯ ಕ್ಲ್ಯಾಂಪ್ ಪಟ್ಟಿಗಳಿಗೆ ಬಿಚ್ಚುವ ಮುಂಚೆ ನಂಬರ್ ಹಾಕಿ.
2. ತುಕ್ಕು ಹಿಡಿದ ಬೋಲ್ಟುಗಳನ್ನು ಗ್ಯಾಸ್ ಕಟ್ಟರಿನಿಂದ ಸುಡಬೇಡಿ. ಸೀಲ್ ಕೂರುವ ಜಾಗ ಸೊಟ್ಟಗಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬಾರದಿದ್ದರೆ ತಲೆ ಕೊಯ್ದು ಡ್ರಿಲ್ ಮಾಡಿ.
3. ಸೀಲ್ ಕೂರುವ ಜಾಗ ಸ್ವಚ್ಛ ಮಾಡಿ, ನೇರ ಪಟ್ಟಿ ಇಟ್ಟು ತಗ್ಗು ಉಬ್ಬು ನೋಡಿ. ಗುಂಡಿಗಳಿದ್ದರೆ ವೆಲ್ಡ್ ತುಂಬಿ ಉಜ್ಜಿ. ತೋಡಿನ ಕಡೆ ಇರುವ ಸ್ಟೇನ್‌ಲೆಸ್ ಪಟ್ಟಿಯನ್ನೂ ಮರೆಯಬೇಡಿ. ಅದರ ಮೇಲೆ ಗೀರಿದ್ದರೆ ಹೊಸ ಸೀಲು ಒಂದೇ ಹಂಗಾಮಿನಲ್ಲಿ ಹರಿಯುತ್ತದೆ.
4. ಹಳೆಯ ಸೀಲನ್ನು ಅಚ್ಚಾಗಿಟ್ಟು ಹೊಸದಕ್ಕೆ ತೂತು ಹಾಕಬೇಡಿ. ಹಳೆಯದು ಎಳೆದು ಉದ್ದವಾಗಿರುತ್ತದೆ. ಕ್ಲ್ಯಾಂಪ್ ಪಟ್ಟಿಯನ್ನೇ ಅಚ್ಚು ಮಾಡಿಕೊಳ್ಳಿ.
5. ಮೂಲೆಗಳನ್ನು ಬರೀ ಅಂಟಿನಿಂದ ಜೋಡಿಸಬೇಡಿ. ಅಚ್ಚಿನಲ್ಲಿ ಬಿಸಿ ಮಾಡಿ ವಲ್ಕನೈಸ್ ಮಾಡಿದ ಮೂಲೆ ತುಂಡುಗಳನ್ನು ತರಿಸಿ. ಮೊದಲು ಸೋರುವುದು ಈ ಮೂಲೆಗಳಲ್ಲೇ.
6. ಸ್ಟೇನ್‌ಲೆಸ್ ಬೋಲ್ಟುಗಳನ್ನು ನಡುವಿನಿಂದ ತುದಿಯ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ರಬ್ಬರ್ ಪಕ್ಕಕ್ಕೆ ಉಬ್ಬಿ ಬರುವಷ್ಟು ಬಿಗಿಯಬೇಡಿ.
7. ಗೇಟ್ ಕೂತಾಗ ಪಕ್ಕದ ಸೀಲು 2ರಿಂದ 5 ಮಿ.ಮೀ. ಒತ್ತಿಕೊಂಡಿರಬೇಕು. ಜಾಸ್ತಿ ಒತ್ತಿದರೆ ಗೇಟ್ ಎತ್ತಲು ಭಾರ, ಸೀಲಿಗೂ ಸವೆತ.
8. ಮೊದಲ ಸಲ ಎತ್ತಿ ಇಳಿಸುವಾಗ ಸೀಲಿಗೆ ನೀರು ಹಾಯಿಸುತ್ತಲೇ ಇರಿ. ಒಣ ರಬ್ಬರನ್ನು ಉಕ್ಕಿನ ಮೇಲೆ ಎಳೆದರೆ ಸುಲಿಯುತ್ತದೆ.

ಕಟ್ಟೆ ತುಂಬಿರುವಾಗ ಸೋರಿಕೆ ಕಂಡರೆ ಗೇಟಿನ ಮುಂದೆ ನೀರಿನಲ್ಲಿ ಬೂದಿ, ಕಲ್ಲಿದ್ದಲಿನ ಪುಡಿ, ಮರದ ಹೊಟ್ಟು ಬಿಡುವ ಪದ್ಧತಿ ಇದೆ. ನೀರೇ ಅದನ್ನು ಎಳೆದು ಸಂದಿಗೆ ತುಂಬುತ್ತದೆ. ಸಣ್ಣ ಸೋರಿಕೆಗೆ ಇದು ಕೆಲಸ ಮಾಡುತ್ತದೆ, ತಪ್ಪಿಲ್ಲ. ಆದರೆ ಆ ಗೇಟಿನ ನಂಬರನ್ನು ಅವತ್ತೇ ಬೇಸಿಗೆ ಪಟ್ಟಿಗೆ ಸೇರಿಸಿ. ಹೊಟ್ಟು ಹಾಕಿ ಮರೆತರೆ ಮುಂದಿನ ವರ್ಷ ಸಂದಿ ದೊಡ್ಡದಾಗಿರುತ್ತದೆ.

ಹಂತ 5: ಉಕ್ಕು, ವೆಲ್ಡಿಂಗ್, ಪೇಂಟ್

ತುಕ್ಕು ಎಲ್ಲ ಕಡೆ ಒಂದೇ ಸಮ ಬರುವುದಿಲ್ಲ. ನೀರಿನ ಮಟ್ಟ ಏರಿ ಇಳಿಯುವ ಪಟ್ಟಿಯಲ್ಲಿ ಜಾಸ್ತಿ. ಗೇಟಿನ ಹಿಂದಿನ ಅಡ್ಡ ತೊಲೆಗಳ ಮೇಲೆ ಇನ್ನೂ ಜಾಸ್ತಿ. ಆ ತೊಲೆಗಳಲ್ಲಿ ನೀರು ಇಳಿಯಲು ತೂತುಗಳಿರುತ್ತವೆ. ಹೂಳು, ಅಂತರಗಂಗೆ ಬೇರು ಅದನ್ನು ಮುಚ್ಚುತ್ತವೆ. ವರ್ಷಪೂರ್ತಿ ಕೆಸರು ನಿಂತು ಉಕ್ಕು ಒಳಗಿನಿಂದ ತಿಂದುಹೋಗುತ್ತದೆ. ಒಂದು ಕಬ್ಬಿಣದ ಸರಳಿನಿಂದ ಈ ತೂತುಗಳನ್ನು ಬಿಡಿಸುವುದಕ್ಕೆ ಟೆಂಡರ್ ಬೇಡ, ಬಜೆಟ್ ಬೇಡ. ಅಗ್ಗದ ಕೆಲಸಗಳಲ್ಲಿ ಇಷ್ಟು ಲಾಭ ಕೊಡುವುದು ಇನ್ನೊಂದಿಲ್ಲ.

ಸ್ಕಿನ್ ಪ್ಲೇಟಿನ (ನೀರು ತಡೆಯುವ ಮುಖದ ಉಕ್ಕಿನ ಹಲಗೆ) ದಪ್ಪವನ್ನು ಅಲ್ಟ್ರಾಸಾನಿಕ್ ಮೀಟರಿನಿಂದ ಅಳೆಯಿರಿ. ಪ್ರತಿ ವರ್ಷ ಅದೇ ಜಾಗಗಳಲ್ಲಿ ಅಳೆಯಬೇಕು, ಅದಕ್ಕೆ ನಕ್ಷೆಯಲ್ಲಿ ಗುರುತಿರಲಿ. ಐಎಸ್ 4622 ಪ್ರಕಾರ ಪ್ಲೇಟು ಕನಿಷ್ಠ 8 ಮಿ.ಮೀ. ಅದರಲ್ಲಿ 1.5 ಮಿ.ಮೀ. ತುಕ್ಕಿಗೆಂದೇ ಬಿಟ್ಟಿರುವುದು. ಆ 1.5 ಮುಗಿದಿದ್ದರೆ ಪೇಂಟ್ ಬಳಿದು ಮುಚ್ಚಬೇಡಿ. ವಿನ್ಯಾಸ ಎಂಜಿನಿಯರ್‌ಗೆ ತೋರಿಸಿ ತುಂಡು ಹಾಕಬೇಕೋ, ಪ್ಲೇಟೇ ಬದಲಿಸಬೇಕೋ ತೀರ್ಮಾನಿಸಿ.

ವೆಲ್ಡಿಂಗ್‌ಗೆ ಒಣಗಿಸಿದ ಲೋ ಹೈಡ್ರೋಜನ್ ರಾಡು ಬಳಸಿ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಹಾಕಿ, ಬಿರುಕನ್ನು ಪೂರ್ತಿ ಕೊರೆದು ತೆಗೆದು ತುಂಬಿ. ಆಮೇಲೆ ಡೈ ಪೆನೆಟ್ರೆಂಟ್ (ಸಣ್ಣ ಬಿರುಕು ತೋರಿಸುವ ಬಣ್ಣದ ದ್ರವ) ಹಾಕಿ ನೋಡಿ. ಹಳೆಯ ಎರಕದ ಕಬ್ಬಿಣದ ಗೇಟುಗಳಿಗೆ ಇದು ನಡೆಯುವುದಿಲ್ಲ. ಸಾಮಾನ್ಯ ರಾಡು ತಾಗಿಸಿದರೆ ಎರಕ ಪಕ್ಕದಲ್ಲೇ ಹೊಸದಾಗಿ ಸೀಳುತ್ತದೆ. ನಿಕಲ್ ರಾಡು, ಮೊದಲೇ ಬಿಸಿ ಮಾಡುವುದು, ನಿಧಾನವಾಗಿ ತಣಿಸುವುದು ಬೇಕು. ಇಲ್ಲವೇ ಲೋಹದ ಕೀಲುಗಳಿಂದ ಹೊಲಿಯುವ ವಿಧಾನ ಇದೆ. ಯಾವ ಲೋಹ ಅಂತ ಖಚಿತವಾಗದೆ ಹೋಲ್ಡರ್ ಕೈಗೆ ತೆಗೆದುಕೊಳ್ಳಬೇಡಿ.

ಪೇಂಟಿನ ಆಯಸ್ಸು ನಿರ್ಧಾರವಾಗುವುದು ಮೇಲ್ಮೈ ತಯಾರಿಯಲ್ಲಿ. ಬ್ಲಾಸ್ಟಿಂಗ್ (ಒರಟು ಕಣಗಳನ್ನು ರಭಸದಿಂದ ಎರಚಿ ತುಕ್ಕು ತೆಗೆಯುವುದು) ಮಾಡಿ ಉಕ್ಕು ಬೂದು ಬಿಳಿಯಾಗಿ ಕಾಣಬೇಕು, ಎಸ್‌ಎ ಎರಡೂವರೆ ದರ್ಜೆಗೆ. ಬ್ಲಾಸ್ಟ್ ಆದ ದಿನವೇ ಸತುವಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಮೇಲೆ ಎಪಾಕ್ಸಿ ಪೇಂಟಿನ ಕೋಟುಗಳು. ಒಣಗಿದ ಮೇಲೆ ಒಟ್ಟು ದಪ್ಪ 300ರಿಂದ 350 ಮೈಕ್ರಾನ್ ಬರಬೇಕು. ಗಾಳಿಯ ತೇವ ಶೇ. 85 ದಾಟಿದ್ದರೆ ಕೆಲಸ ನಿಲ್ಲಿಸಿ. ಬೆಳಗಿನ ಮಂಜು ಗೇಟಿನ ಮೇಲೆ ಕೂತಿರುವಾಗಲೂ ಬೇಡ. ಬಿಸಿಲು ಬಿದ್ದು ಉಕ್ಕು ಒಣಗಲಿ.

ಹಂತ 6: ಚಕ್ರ ಮತ್ತು ಟ್ರನಿಯನ್

ವೀಲ್ ಗೇಟಿನ ಚಕ್ರಗಳನ್ನು, ಗೇಟ್ ಮೇಲಿರುವಾಗ, ಒಂದೊಂದಾಗಿ ಕೈಯಿಂದ ತಿರುಗಿಸಿ. ತಿರುಗದ ಚಕ್ರ ಹಳಿಯ ಮೇಲೆ ಎಳೆದುಕೊಂಡು ಹೋಗುತ್ತದೆ, ಒಂದು ಪಕ್ಕ ಚಪ್ಪಟೆಯಾಗುತ್ತದೆ. ಹೊಸ ಗ್ರೀಸ್ ಒಂದು ಕಡೆ ಒತ್ತಿದರೆ ಹಳೆಯದು ಇನ್ನೊಂದು ಕಡೆಯಿಂದ ಹೊರಬರಬೇಕು. ಬರದಿದ್ದರೆ ದಾರಿ ಮುಚ್ಚಿದೆ, ಪಿನ್ನು ಬಿಚ್ಚಬೇಕು.

ರೇಡಿಯಲ್ ಗೇಟಿನಲ್ಲಿ ಟ್ರನಿಯನ್ನೇ ಜೀವ. 1995ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಫಾಲ್ಸಮ್ ಅಣೆಕಟ್ಟೆಯ 3ನೇ ಗೇಟು ತೆರೆಯುತ್ತಿರುವಾಗಲೇ ಮುರಿದುಬಿತ್ತು. ಟ್ರನಿಯನ್ ಪಿನ್ನಿನಲ್ಲಿ ತುಕ್ಕಿನಿಂದ ವರ್ಷಗಳ ಕಾಲ ಘರ್ಷಣೆ ಏರಿತ್ತು. ಗೇಟ್ ಎತ್ತಿದಾಗ ಆ ಘರ್ಷಣೆ ತೋಳುಗಳನ್ನು ಬಗ್ಗಿಸಿತು. ತೋಳುಗಳ ನಡುವಿನ ಅಡ್ಡಕಟ್ಟು ತಡೆಯಲಿಲ್ಲ. ಹೊರಗಿನಿಂದ ನೋಡಿದರೆ ಏನೂ ಕಾಣದ ದೋಷ ಇದು. ಗ್ರೀಸ್ ಒತ್ತುವಾಗ ಗೇಟನ್ನು ಸ್ವಲ್ಪ ಸ್ವಲ್ಪ ಆಡಿಸುತ್ತಾ ಒತ್ತಿ, ಪಿನ್ನಿನ ಸುತ್ತಲೂ ಹರಡಲಿ. ತೋಳು ಮತ್ತು ಅಡ್ಡಕಟ್ಟು ಸೇರುವ ವೆಲ್ಡುಗಳನ್ನು ಹತ್ತಿರದಿಂದ ನೋಡಿ. ಎತ್ತುವಾಗ ತಟಕ್ ತಟಕ್ ಅಂತ ಜಿಗಿಯುತ್ತಾ ಏರಿದರೆ ಆ ಗೇಟನ್ನು ತಜ್ಞರು ನೋಡುವವರೆಗೆ ಮುಟ್ಟಬೇಡಿ.

ಹಂತ 7: ವೈರ್ ರೋಪ್, ಚೈನ್, ಹಾಯ್ಸ್ಟ್

ರೋಪನ್ನು ಮೊದಲು ತಂತಿ ಬ್ರಷ್ಷಿನಿಂದ ಉಜ್ಜಿ. ಹಳೆಯ ಗ್ರೀಸಿನ ಮೇಲೆ ಹೊಸ ಗ್ರೀಸ್ ಮೆತ್ತಿದರೆ ಒಳಗಿನ ತುಕ್ಕು ಮುಚ್ಚಿಹೋಗುತ್ತದೆ. ಡ್ರಮ್ಮಿನ ಮೇಲೆ ಸದಾ ಸುತ್ತಿಕೊಂಡಿರುವ ಭಾಗ, ಪುಲ್ಲಿಯ ಮೇಲೆ ಬಾಗುವ ಭಾಗ, ನೀರಿನೊಳಗಿನ ಸಾಕೆಟ್ ಹತ್ತಿರದ ಭಾಗ ಈ ಮೂರನ್ನು ಬಿಡದೆ ನೋಡಿ. ರೋಪಿನ ವ್ಯಾಸದ 8 ಪಟ್ಟು ಉದ್ದದೊಳಗೆ, ಒಟ್ಟು ತಂತಿಗಳಲ್ಲಿ ಶೇ. 10ರಷ್ಟು ತುಂಡಾಗಿದ್ದರೆ ರೋಪ್ ಬದಲಿಸಿ. ಒಂದು ಕಡೆ ರೋಪ್ ಕೆಟ್ಟರೆ ಎರಡೂ ಕಡೆ ಒಟ್ಟಿಗೆ ಬದಲಿಸುವುದು ಒಳ್ಳೆಯದು. ಹೊಸದು ಎಳೆದು ಉದ್ದವಾಗುತ್ತದೆ, ಹಳೆಯದು ಆಗುವುದಿಲ್ಲ. ಗೇಟ್ ವಾಲಿ ತೋಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡೂ ಹೊಸದಾದರೂ ಕೆಲವು ಸಲ ಆಡಿಸಿದ ಮೇಲೆ ಟರ್ನ್‌ಬಕಲ್ (ರೋಪಿನ ಉದ್ದ ಹೊಂದಿಸುವ ತಿರುಪು) ತಿರುಗಿಸಿ ಮತ್ತೆ ಸಮ ಮಾಡಿ.

ಚೈನ್ ಇರುವಲ್ಲಿ ಪ್ರತಿ ಕೊಂಡಿ, ಪ್ರತಿ ಪಿನ್ನನ್ನು ನೋಡಬೇಕು. ಮೇಲಿನಿಂದ ಕಾಣುವ ಕೊಂಡಿಗಳು ಚೆನ್ನಾಗಿದ್ದು ನೀರಿನೊಳಗಿನವು ಸವೆದಿರುತ್ತವೆ. ವೆಲ್ಡ್ ಮಾಡಿದ ಕೊಂಡಿಗೆ ಬರೀ ಕಣ್ಣಿನ ನೋಟ ಸಾಲದು, ಡೈ ಪೆನೆಟ್ರೆಂಟ್ ಅಥವಾ ಮ್ಯಾಗ್ನೆಟಿಕ್ ಪರೀಕ್ಷೆ ಮಾಡಿಸಿ.

ಗೇರ್ ಪೆಟ್ಟಿಗೆಯ ಎಣ್ಣೆ ತೆಗೆದು ಬಿಳಿ ಬಟ್ಟೆಯ ಮೇಲೆ ಸುರಿಯಿರಿ. ಹಿತ್ತಾಳೆ ಬಣ್ಣದ ಪುಡಿ ಮಿನುಗಿದರೆ ವರ್ಮ್ ವೀಲ್ ಸವೆಯುತ್ತಿದೆ. ಹಾಲಿನ ಬಣ್ಣ ಬಂದಿದ್ದರೆ ನೀರು ಸೇರಿದೆ. ಬ್ರೇಕ್ ಪರೀಕ್ಷೆಗೆ ಗೇಟನ್ನು ಒಂದಡಿ ಎತ್ತಿ ನಿಲ್ಲಿಸಿ, ಸೀಮೆಸುಣ್ಣದ ಗುರುತು ಹಾಕಿ ಸ್ವಲ್ಪ ಹೊತ್ತು ಬಿಡಿ. ಗುರುತು ಜರುಗಿದರೆ ಬ್ರೇಕ್ ಸರಿಯಿಲ್ಲ.

ಕರೆಂಟಿನ ಭಾಗ ಚಿಕ್ಕದು. 500 ವೋಲ್ಟ್ ಮೆಗ್ಗರಿನಿಂದ ಮೋಟಾರಿನ ಇನ್ಸುಲೇಷನ್ ನೋಡಿ. ಲಿಮಿಟ್ ಸ್ವಿಚ್ಚುಗಳನ್ನು (ಗೇಟ್ ತುದಿ ಮುಟ್ಟಿದಾಗ ಮೋಟಾರು ನಿಲ್ಲಿಸುವವು) ಕೈಯಿಂದ ಒತ್ತಿ ಮೋಟಾರು ನಿಲ್ಲುತ್ತದಾ ನೋಡಿ. ಪ್ಯಾನೆಲ್ ಒಳಗಿನ ಹಲ್ಲಿ, ಇರುವೆ ಗೂಡು ತೆಗೆದು ಕೇಬಲ್ ಸಂದಿಗಳನ್ನು ಮುಚ್ಚಿ. ಜನರೇಟರನ್ನು ಸುಮ್ನೆ ಓಡಿಸಿ ನಿಲ್ಲಿಸಬೇಡಿ. ಅದರಿಂದಲೇ ಒಂದು ಗೇಟ್ ಎತ್ತಿ ನೋಡಿ. ಮಳೆಗಾಲದ ರಾತ್ರಿ ಲೈನ್ ಹೋದಾಗ ಬೇಕಾಗುವುದು ಅದೇ ಅಲ್ವಾ. ಜನರೇಟರೂ ಕೈಕೊಟ್ಟರೆ ಹ್ಯಾಂಡಲ್‌ನಿಂದ ಎತ್ತಲು ಎಷ್ಟು ಜನ, ಎಷ್ಟು ಹೊತ್ತು ಬೇಕು ಅಂತಲೂ ಒಮ್ಮೆ ನಿಜವಾಗಿ ಮಾಡಿ ಬರೆದಿಡಿ.

ಹಂತ 8: ಮೇ ತಿಂಗಳ ಟ್ರಯಲ್

ಮೊದಲು ಒಣ ಪರೀಕ್ಷೆ. ಸ್ಟಾಪ್‌ಲಾಗ್ ಇರುವಾಗಲೇ ಗೇಟನ್ನು ಪೂರ್ತಿ ಎತ್ತಿ ಪೂರ್ತಿ ಇಳಿಸಿ. ಎರಡೂ ತುದಿ ಸಿಲ್ (ಗೇಟ್ ಕೂರುವ ತಳದ ಪಟ್ಟಿ) ಮೇಲೆ ಒಟ್ಟಿಗೆ ಕೂರುತ್ತವಾ ನೋಡಿ. ಕೆಳಗೆ ಟಾರ್ಚ್ ಹಿಡಿದು ಬೆಳಕು ಎಲ್ಲಿ ನುಸುಳುತ್ತದೆ ಅಂತ ನೋಡಿದರೆ ಸಂದಿ ಸಿಗುತ್ತದೆ. ನಂತರ ನಡುವಿನ ಜಾಗಕ್ಕೆ ನೀರು ತುಂಬಿಸಿ ಸೋರಿಕೆ ಅಳೆಯಿರಿ, ಹಳೆಯ ಅಳತೆಯ ಪಕ್ಕದಲ್ಲೇ ಬರೆಯಿರಿ. ಕೊನೆಗೆ ಸ್ಟಾಪ್‌ಲಾಗ್ ತೆಗೆದು, ಕೆಳಗಿನ ಜನರಿಗೆ ಸೂಚನೆ ಕೊಟ್ಟು, ನಿಜವಾದ ಒತ್ತಡದಲ್ಲಿ ಸ್ವಲ್ಪ ತೆರೆದು ಮುಚ್ಚಿ. ತುಂಬಾ ಸಣ್ಣ ತೆರೆವಿನಲ್ಲಿ ಗೇಟ್ ಗಡಗಡ ನಡುಗಿದರೆ ಅಲ್ಲಿ ನಿಲ್ಲಿಸಬೇಡಿ. ಆ ತೆರೆವಿನ ಅಳತೆ ಬರೆದು ಆಪರೇಟಿಂಗ್ ಪ್ಯಾನೆಲ್ ಮೇಲೆ ಅಂಟಿಸಿ. ಇಷ್ಟು ತೆರೆವಿನಲ್ಲಿ ಗೇಟ್ ಇಡಬಾರದು ಅಂತ ಹೊಸ ಆಪರೇಟರ್‌ಗೂ ಗೊತ್ತಿರಲಿ.

ನಾಲೆ ತೂಬಿನ ಸ್ಕ್ರೂ ಗೇಟ್

ವಿಶ್ವೇಶ್ವರಯ್ಯ ನಾಲೆ, ವರುಣಾ ನಾಲೆ, ಶ್ರೀರಂಗಪಟ್ಟಣ ಕಡೆಯ ಹಳೆಯ ವಿರಿಜಾ, ಚಿಕ್ಕದೇವರಾಯ ನಾಲೆಗಳ ತೂಬುಗಳಲ್ಲಿ ದಿನಾ ಕೈ ಆಡುವುದು ಈ ಸಣ್ಣ ಗೇಟಿನ ಮೇಲೆ. ಒಂದು ಹಲಗೆ, ಒಂದು ಸ್ಪಿಂಡಲ್, ಒಂದು ನಟ್ಟು, ಒಂದು ಹ್ಯಾಂಡಲ್ ಇಷ್ಟೇ ಭಾಗ.

ಇದು ಕೆಡುವ ಮುಖ್ಯ ಕಾರಣ ಜಾಸ್ತಿ ಬಲ. ಕೆಳಗೆ ಕಲ್ಲು ಅಥವಾ ಕೊಂಬೆ ಸಿಕ್ಕಿ ಗೇಟ್ ಮುಚ್ಚುವುದಿಲ್ಲ. ಹ್ಯಾಂಡಲಿಗೆ ಉದ್ದ ಪೈಪ್ ಹಾಕಿ ಇಬ್ಬರು ಒತ್ತುತ್ತಾರೆ. ಸ್ಪಿಂಡಲ್ ಬಿಲ್ಲಿನ ಹಾಗೆ ಬಾಗುತ್ತದೆ. ಆಮೇಲೆ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಗೇಟ್ ಕೂರದಿದ್ದರೆ ಒಂದಡಿ ಮೇಲೆತ್ತಿ, ನೀರಿನ ರಭಸಕ್ಕೆ ಕಲ್ಲು ಹೋಗಲಿ ಬಿಡಿ, ಮತ್ತೆ ಇಳಿಸಿ. ಎರಡು ಮೂರು ಸಲಕ್ಕೂ ಹೋಗದಿದ್ದರೆ ನೀರು ನಿಲ್ಲಿಸಿದಾಗ ಕೈಯಿಂದ ತೆಗೆಯಿರಿ.

ಸ್ಪಿಂಡಲ್ಲಿನ ಮರೆಗಳನ್ನು (ತಿರುಪಿನ ಸುತ್ತುಗಳು) ಸೀಮೆಎಣ್ಣೆ ಮತ್ತು ಬ್ರಷ್ಷಿನಿಂದ ತೊಳೆದು ಗ್ರೀಸ್ ಹಚ್ಚಿ. ಮೇಲೆ ಪ್ಲಾಸ್ಟಿಕ್ ಪೈಪು, ಮುಚ್ಚಳ ಹಾಕಿದರೆ ಧೂಳು, ಮಳೆ ಎರಡೂ ತಡೆಯುತ್ತವೆ. ಗನ್‌ಮೆಟಲ್ ನಟ್ಟಿನ ಮರೆ ಚೂಪಾಗಿ ಬ್ಲೇಡಿನಂತಾಗಿದ್ದರೆ ಬದಲಿಸುವ ಕಾಲ ಬಂದಿದೆ. ನಟ್ಟು ಅಗ್ಗ, ಸ್ಪಿಂಡಲ್ ದುಬಾರಿ. ನಟ್ಟು ಮೊದಲು ಸವೆಯಲಿ ಅಂತಲೇ ಅದನ್ನು ಮೃದು ಲೋಹದಲ್ಲಿ ಮಾಡುತ್ತಾರೆ. ಸ್ವಲ್ಪ ಬಾಗಿದ ಸ್ಪಿಂಡಲನ್ನು ವರ್ಕ್‌ಶಾಪಿನ ಪ್ರೆಸ್ಸಿನಲ್ಲಿ ನೇರ ಮಾಡಿಸಬಹುದು. ಸುತ್ತಿಗೆ ಹೊಡೆದರೆ ಮರೆ ಹಾಳು.

ಹ್ಯಾಂಡಲ್ ನೀರುಗಂಟಿಯ ಕೈಯಲ್ಲೇ ಇರಲಿ, ಗೇಟಿಗೆ ಸರಪಳಿ ಬೀಗ ಇರಲಿ. ಸಂಘದವರು ನಾಲೆಗೆ ನೀರು ಬಿಡುವ ಎರಡು ವಾರ ಮೊದಲು ಮೇಲಿನ ತೂಬಿನಿಂದ ಕೊನೆಯ ತೂಬಿನವರೆಗೆ ನಡೆದು ಎಲ್ಲ ಗೇಟುಗಳನ್ನೂ ಒಮ್ಮೆ ತಿರುಗಿಸಿ ನೋಡಿದರೆ, ಅರ್ಧ ಜಗಳ ಹುಟ್ಟುವುದೇ ಇಲ್ಲ.

ರಿಜಿಸ್ಟರ್ ಮತ್ತು ಮುಂದಿನ ವರ್ಷದ ತಯಾರಿ

ಪ್ರತಿ ಗೇಟಿಗೆ ಒಂದು ಪುಟ. ಆಂಪಿಯರ್, ಸೋರಿಕೆ, ಪ್ಲೇಟ್ ದಪ್ಪ, ರೋಪ್ ಹಾಕಿದ ದಿನ, ಸೀಲ್ ಹಾಕಿದ ದಿನ, ಯಾರು ಆಡಿಸಿದರು, ಸದ್ದು ಹೇಗಿತ್ತು. ಆಪರೇಟರ್ ನಿವೃತ್ತಿಯಾಗುವ ಮುಂಚೆ ಅವರ ಜೊತೆ ಕೂತು ಅವರಿಗೆ ಗೊತ್ತಿರುವುದನ್ನು ಬರೆಸಿಕೊಳ್ಳಿ. ಬಳಸದ ಗೇಟುಗಳನ್ನೂ, ನೀರಿನ ಪರಿಸ್ಥಿತಿ ಬಿಟ್ಟರೆ, ತಿಂಗಳಿಗೊಮ್ಮೆ ಸ್ವಲ್ಪವಾದರೂ ಆಡಿಸಿ.

ಮುಂಗಾರು ಮುಗಿದ ಮೇಲಿನ ತಪಾಸಣೆಯನ್ನು ನವೆಂಬರ್ ಒಳಗೆ ಮುಗಿಸಿ. ಸೀಲು, ರೋಪು, ಮೂಲೆ ತುಂಡುಗಳ ಪಟ್ಟಿ ಆಗಲೇ ಹೊರಡಬೇಕು. ಅಚ್ಚು ಮಾಡಿ, ಪರೀಕ್ಷೆ ಮಾಡಿ, ಲಾರಿಯಲ್ಲಿ ಬಂದು ಸೇರಲು ತಿಂಗಳುಗಳೇ ಹಿಡಿಯುತ್ತವೆ. ಮಾರ್ಚ್‌ನಲ್ಲಿ ಆರ್ಡರ್ ಹಾಕಿದ ಸೀಲು ಜುಲೈನಲ್ಲಿ ಬರುತ್ತದೆ, ಆಗ ಗೇಟ್ ನೀರಿನೊಳಗೆ ಇರುತ್ತದೆ.